ಜೋಡು ಸೈಕಲ್ಲಿನ ಶ್ರಾವಣ

ಹೋದ ತಿಂಗಳು ಅಕ್ಕಲಕೋಟಕ್ಕೆ ಹೊರಟಾಗ ವಳಸಂಗದ ಆಚೆ ನಮ್ಮ ಕಾರಿನ ಗಾಲಿ ಪಂಕ್ಚರ್ ಆಯಿತು. ಯಜಮಾನರಿಗೆ ಹೊತ್ತಾಗುತ್ತದೆಂಬ ಗಡಿಬಿಡಿ. ನನಗೆ ಅಂಥದ್ದೇನೂ ಇರಲಿಲ್ಲ. ಮಳೆ ಬಂದು ನಿಂತಿತ್ತು, ತೊಗರಿ ಮೊಣಕಾಲೆತ್ತರ ಬೆಳೆದಿತ್ತು, ಕುಳಿತುಕೊಳ್ಳಲು ಪಂಕ್ಚರ್ ಅಂಗಡಿಯವನು ಒಂದು ಹಳೆಯ ಟೈರು ಉರುಳಿಸಿ ಕೊಟ್ಟಿದ್ದ. ತಾನು ತಿಕ್ಕುತ್ತಿದ್ದ ಸೈಕಲ್ ಟ್ಯೂಬನ್ನು ಬದಿಗಿಟ್ಟು ಅವನು ಕಾರಿನ ಕಡೆಗೆ ಹೋದ. ಸೊಲ್ಯೂಷನ್ ಡಬ್ಬಿಯ ಮುಚ್ಚಳ ತೆರೆದೇ ಇತ್ತು, ಅದರ ಘಾಟು ಮೂಗಿಗೆ ಬಂತು. ಅಷ್ಟರಲ್ಲಿ ರಸ್ತೆಯ ಆ ಬದಿಯಿಂದ ಕುರಿಗಳ ಹಿಂಡೊಂದು ಬಂತು. ತೋಯ್ದ ಉಣ್ಣೆಯ ವಾಸನೆ, ಹಿಂಡಿನ ಹಿಂದೆ ಬರುತ್ತಿದ್ದವನ ಹಣೆಯ ಭಂಡಾರದ ಅರಿಷಿಣದ ವಾಸನೆ. ಈ ಮೂರೂ ಕೂಡಿ ನನ್ನ ಮೂಗಿಗೆ ಬಂದದ್ದು ಅದಕ್ಕೂ ಮೊದಲು ಒಂದೇ ಸಲ, ಹೆಚ್ಚುಕಡಿಮೆ ಇದೇ ಜಾಗದಲ್ಲಿ.

"ಅಕ್ಕಾರ, ಗುರ್ತ ಹತ್ತಲಿಲ್ಲೇನ್ರಿ? ನಾ ಚಪಳಗಾಂವದ ಬೀರಪ್ಪ."

ನಾನು ಅವನ ಮುಖಕ್ಕಿಂತ ಮೊದಲು ನೋಡಿದ್ದು ಅವನ ಹೆಗಲ ಮೇಲಿನ ದೋಟಿಯನ್ನು. ಮರದ ಸೊಪ್ಪು ಕಡಿಯಲು ತುದಿಗೆ ಕುಡಗೋಲು ಕಟ್ಟಿದ ಉದ್ದನೆಯ ಬಿದಿರು. ಅದರ ಬುಡದಲ್ಲಿ ಕೇಸರಿ, ಬಿಳಿ, ಹಸಿರು ಬಣ್ಣದ ಪಟ್ಟಿಗಳು ಅರೆಬರೆ ಉಳಿದಿದ್ದವು.

"ಇನ್ನಾ ಮುರದಿಲ್ಲೇನು ಇದು?"

"ಮುರಿಯೂದೆಲ್ಲಿ ಬಂತ್ರಿ. ಅಣ್ಣಾರು ಕೈಲೆ ಮುಟ್ಟಿ ಮುಟ್ಟಿ ಆರಿಸಿದ ಬಿದಿರು. ಅಣ್ಣಾರು ಆರಾಮ ಅದಾರಿ?"

"ಆರಾಮ ಅದಾನಪಾ. ನನಗ ಬೈಯ್ಯಾಕ ಎಷ್ಟು ಬೇಕೋ ಅಷ್ಟು ಶಕ್ತಿ ಐತಿ."

ಬೀರಪ್ಪ ನಕ್ಕು, ಕುರಿಗಳು ತೊಗರಿಗೆ ಬಾಯಿ ಹಾಕಿಯಾವೆಂದು ಓಡಿದ. ಕಾರು ಸರಿಯಾಯಿತು. ಯಜಮಾನರು ದಾರಿಯುದ್ದಕ್ಕೂ ಏನೋ ಮಾತಾಡುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.

ಆ ಬಿದಿರು ನನ್ನ ಅಣ್ಣ ಸಿದ್ರಾಮನದು. ಸೊಲ್ಲಾಪುರದ ಹಳೆಯ ಪೇಠೆಯಲ್ಲಿ ನಮ್ಮದು ಚಾದರು, ಟವೆಲ್ಲುಗಳ ಅಂಗಡಿ. ಅಪ್ಪನ ಕಾಲದಿಂದ ಅದು ನಡೆದಿದೆ, ಆದರೆ ನಮ್ಮ ಮನೆಯ ಗಂಡಸರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದದ್ದು ಅಂಗಡಿಯನ್ನಲ್ಲ. ಸಂಕ್ರಾಂತಿಯ ಜಾತ್ರೆಯಲ್ಲಿ ಊರ ನಡುವೆ ನಂದಿಧ್ವಜಗಳ ಮೆರವಣಿಗೆ ಹೊರಡುತ್ತದಲ್ಲ, ಮಾಳಿಗೆಗಳಿಗಿಂತ ಎತ್ತರದ ಆ ಧ್ವಜದ ಗಳುವನ್ನು, ಅಂದರೆ ಕಾಠಿಯನ್ನು, ಸೊಂಟದ ಪಟ್ಟಿಗೆ ಊರಿ, ಎರಡು ಕೈಯಲ್ಲಿ ತೂಗಿಸಿಕೊಂಡು ನಡೆಯುವವರಲ್ಲಿ ನಮ್ಮಣ್ಣನೂ ಒಬ್ಬನಾಗಿದ್ದ. ಕಸೆ ಕಟ್ಟುವ ಬಿಳಿ ಬಾರಾಬಂದಿ ಅಂಗಿ ತೊಟ್ಟು ಅವನು ಓಣಿಯ ತಿರುವಿನಲ್ಲಿ ಕಾಣಿಸಿಕೊಂಡರೆ ನಾವು ಹೆಣ್ಣುಮಕ್ಕಳು ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ನೋಡುವುದಷ್ಟೇ ನಮ್ಮ ಪಾಲು. ನಮ್ಮ ಪೇಠೆಯಲ್ಲಿ ಹೆಂಗಸರು ಕಾಠಿ ಮುಟ್ಟುವ ರೂಢಿ ಇರಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ ಅದನ್ನು ದಾಟಿಸುವುದಕ್ಕೂ ನಮ್ಮವರದೊಂದು ರೀತಿ ಇತ್ತು. ಕೊಡು ಎಂದು ಅವನು ಕೇಳುವುದಿಲ್ಲ, ಹಿಡಿದೆಯಾ ಎಂದು ಇವನು ವಿಚಾರಿಸುವುದಿಲ್ಲ. ಇನ್ನೊಬ್ಬನ ಅಂಗೈ ಕಾಠಿಯ ಮೇಲೆ ಬಿಗಿಯಾಗಿ ಕೂತದ್ದು ತನ್ನ ಕೈಗೆ ತಿಳಿದ ಮೇಲೆಯೇ ಹಿಡಿದವನು ಬಿಡುತ್ತಾನೆ. ಕಾಠಿ ಮಾತ್ರ ನೆಲಕ್ಕೆ ಒರಗಬಾರದು.

ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ಮೊದಲು ಬಲಗಣ್ಣು, ಒಂದು ವರ್ಷ ಕಳೆಯುವುದರೊಳಗೆ ಎಡಗಣ್ಣು. ಸೊಲ್ಲಾಪುರದ ದವಾಖಾನೆಗಳೆಲ್ಲ ಆದವು, ಹೈದರಾಬಾದೂ ಆಯಿತು. ಅಂದಿನಿಂದ ಅವನ ಎರಡು ಕೈಗಳಿಗೂ ಕಾಯಂ ಕೆಲಸ ಬಂತು. ಒಂದು ಕೈಯಲ್ಲಿ ಬಡಿಗೆ, ಇನ್ನೊಂದು ಕೈ ಯಾರದಾದರೂ ಕೈಯೊಳಗೆ. ಹೆಚ್ಚಾಗಿ ಕಸ್ತೂರಿ ವೈನಿಯ ಕೈಯೊಳಗೆ. ವೈನಿ ನನ್ನ ಅತ್ತಿಗೆ, ಮಾತು ಕಡಿಮೆ. ಬಚ್ಚಲಿಗೆ, ಅಂಗಡಿಗೆ, ಗುಡಿಗೆ ಅಣ್ಣ ಎಲ್ಲಿಗೆ ಹೋದರೂ ಆಕೆಯ ಕೈ ಮುಂಚಿತವಾಗಿ ಚಾಚಿರುತ್ತಿತ್ತು. ಅಂಗಡಿಯ ವ್ಯವಹಾರ ನಾನು ನೋಡಿಕೊಳ್ಳತೊಡಗಿದೆ. ಅಣ್ಣ ಗಾದಿಯ ಮೇಲೆ ಕುಳಿತು ಟವೆಲ್ಲುಗಳನ್ನು ಬೆರಳಲ್ಲಿ ಮುಟ್ಟಿ ಯಾವುದು ಯಾವ ಮಗ್ಗದ್ದೆಂದು ಹೇಳುತ್ತ ಹೊತ್ತು ಕಳೆಯುತ್ತಿದ್ದ. ಬಂದವರೆಲ್ಲ ಅವನೊಡನೆ ಮೆತ್ತಗೆ, ಅಯ್ಯೋ ಪಾಪ ಅನ್ನುವ ದನಿಯಲ್ಲಿ ಮಾತಾಡುತ್ತಿದ್ದರು. ಅದು ನನಗೆ ಸಿಟ್ಟು ತರಿಸುತ್ತಿತ್ತು. ಅವನಿಗೆ ಹೋದದ್ದು ಕಣ್ಣು, ಕಿವಿಯಲ್ಲ.

ಹೀಗಿರುವಾಗ ಒಂದು ವರ್ಷ ಆಷಾಢ ಮುಗಿಯುತ್ತ ಬಂದಾಗ ಒಂದು ಸಂಜೆ ಪ್ರಕಾಶ ಶೇಟ್ ಅಂಗಡಿಗೆ ಬಂದರು. ನಮ್ಮ ಪೇಠೆಯವರೇ, ದಿನವೂ ಬೆಳಿಗ್ಗೆ ಹೆಲ್ಮೆಟ್ ಹಾಕಿ ಗೇರಿನ ಸೈಕಲ್ ಹೊಡೆಯುವ ಗುಂಪಿನ ಮುಖ್ಯಸ್ಥರು. ಸ್ವಾತಂತ್ರ್ಯ ದಿನಕ್ಕೆ ಸೊಲ್ಲಾಪುರದಿಂದ ಅಕ್ಕಲಕೋಟದವರೆಗೆ ಸೈಕಲ್ ಫೇರಿ, ಅಂದರೆ ಸೈಕಲ್ ಮೆರವಣಿಗೆ, ಮಾಡುವುದೆಂದು ಗೊತ್ತುಮಾಡಿದ್ದರು. ಎಲ್ಲ ಪೇಠೆಯವರು, ಎಲ್ಲ ಜಾತಿಯವರು, ಮರಾಠಿ, ಕನ್ನಡ, ತೆಲುಗು, ಉರ್ದು ಮಾತಾಡುವವರು. ದಾರಿಯಲ್ಲಿ ಹಳ್ಳಿಗಳವರೂ ಕೂಡಿಕೊಳ್ಳುತ್ತಾರೆ. ಶೇಟ್ ಉತ್ಸಾಹದಿಂದ ಹೇಳುತ್ತಿದ್ದರು, ನಾನು ಟವೆಲ್ಲು ಮಡಚುತ್ತ ಹೂಂ ಅನ್ನುತ್ತಿದ್ದೆ.

ಅಣ್ಣ ಕೇಳಿದ, "ಮುಂದ ಝೆಂಡಾ ಯಾರ ಹಿಡ್ಯಾವ್ರು?"

"ಅದಿನ್ನಾ ಠರಾವ ಆಗಿಲ್ಲ, ಸಿದ್ರಾಮಣ್ಣಾ."

"ಹಂಗಾರ ನಾ ಹಿಡಿತೀನಿ."

ಶೇಟ್ ನನ್ನ ಮುಖ ನೋಡಿದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, "ಜರೂರ ಹಿಡೀರಿ. ನೀರಿನ ಟೆಂಪೋ ಬರತೈತಿ, ಅದರಾಗ ಖುರ್ಚಿ ಹಾಕಸ್ತೀನಿ, ಏಕದಮ್ ಮುಂದ," ಅಂದರು.

"ಟೆಂಪೋದಾಗ ಕುಂತು ಝೆಂಡಾ ಬೀಸಾಕ ನಾ ಏನ ಮೆರವಣಿಗಿ ಮದುಮಗ ಅದೀನೇನು? ಹಿಡದವ ತನ್ನ ಕಾಲಮ್ಯಾಲ ಹೋಗಬೇಕು. ಇಲ್ಲಂದ್ರ ಹಿಡೀಬಾರದು."

"ಆದ್ರ ಕಣ್ಣು..."

"ಮುಂದ ನಾ ಕುಂಡ್ರತೀನಿ," ಅಂದುಬಿಟ್ಟೆ ನಾನು. "ಹಿಂದ ಅಂವ. ಜೋಡು ಸೈಕಲ್ ಮಾಡಸ್ತೀವಿ."

ಎಲ್ಲಿಂದ ಬಂತೋ ಆ ಮಾತು. ನಾನು ಸೈಕಲ್ ಬಿಟ್ಟು ಸ್ಕೂಟಿ ಹಿಡಿದು ಯಾವ ಕಾಲವಾಗಿತ್ತೋ. ಶೇಟ್ ಯೋಚಿಸಿ ಒಂದು ಷರತ್ತು ಹಾಕಿದರು. ಅಕ್ಕಲಕೋಟದ ದಾರಿಯಲ್ಲಿರುವ ಕುಂಭಾರಿಯವರೆಗೆ ಹೋಗಿ ಬಂದು ತೋರಿಸಬೇಕು, ಅವರು ಹಿಂದೆ ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ. ಅದು ನ್ಯಾಯವಾದ ಮಾತೇ. ಸಿಟ್ಟಿನಲ್ಲಿ ನನಗೆ ಹಾಗೆ ಕಾಣಲಿಲ್ಲ.

ಸೈಕಲ್ ಮಾಡಿಕೊಟ್ಟವರು ನಮ್ಮ ಪೇಠೆಯ ಸೈಕಲ್ ರಿಪೇರಿಯ ಮೆಹಬೂಬ್ ಚಾಚಾ. ಎರಡು ಹಳೆಯ ಸೈಕಲ್ಲುಗಳನ್ನು ಕೊಯ್ದು, ಒಂದರ ಬೆನ್ನಿಗೆ ಒಂದನ್ನು ಬೆಸೆದು, ಎರಡು ಸೀಟು, ಎರಡು ಜೊತೆ ಪೆಡಲ್ಲು, ನಡುವೆ ಉದ್ದನೆಯ ಚೈನು ಕೂಡಿಸಿದರು. ಮುಂದಿನವರು ತುಳಿದರೆ ಹಿಂದಿನವರ ಕಾಲೂ ತಿರುಗಲೇಬೇಕು. ಹಿಂದಿನವರಿಗೆ ಹ್ಯಾಂಡಲ್ ಹಿಡಿಯುವ ಕೆಲಸವಿಲ್ಲ, ಕೈ ಖಾಲಿ. "ಭಾಯಿ ಬಹೆನ್ ಝಗಡಾ ನಕ್ಕೊ ಕರೋ, ಗಾಡಿ ಇಲ್ಲೇ ನಿಂತುಬಿಡತೈತಿ," ಎಂದು ಚಾಚಾ ನಕ್ಕರು.

ನಾವು ಜಗಳವನ್ನೇ ಆಡಿದೆವು. ಮುಚ್ಚಿಹೋದ ಗಿರಣಿಯ ಹಿಂದೆ ಎತ್ತರದ ಗೋಡೆಗಳ ನಡುವೆ ಒಂದು ಬಯಲಿದೆ. ಬೆಳಗಾಗುತ್ತಲೇ ಅಲ್ಲಿ ಕಲಿಯಲು ಹೋಗುತ್ತಿದ್ದೆವು. ಶ್ರಾವಣದ ಜಿಟಿಜಿಟಿ ಮಳೆ, ನೆಲವೆಲ್ಲ ರಾಡಿ. ನಾನು ನಿಲ್ಲಿಸುವಾಗ ಅವನು ತುಳಿಯುತ್ತಿದ್ದ, ನಾನು ತಿರುಗಿಸುವಾಗ ಅವನು ಎದುರು ಬದಿಗೆ ವಾಲುತ್ತಿದ್ದ. ಬಿದ್ದೆವು, ಎದ್ದೆವು, ಬೈದುಕೊಂಡೆವು. ಕೊನೆಗೆ ಮೂರು ಮಾತು ಗೊತ್ತುಮಾಡಿಕೊಂಡೆವು. ತೆಗ್ಗು, ಏರು, ತುಳಿಯುವುದು ನಿಲ್ಲಿಸಲು ಬಿಡು. ನಾನು ಅಷ್ಟಕ್ಕೆ ನಿಲ್ಲದೆ ಎಡಕ್ಕೆ ನಾಯಿ ಇದೆ, ಬಲಕ್ಕೆ ನೀರು ನಿಂತಿದೆ ಎಂದು ಕಥೆ ಹೇಳುತ್ತಿದ್ದೆ.

"ನಂದಾ, ಭಾಳ ಮಾತಾಡಬ್ಯಾಡ," ಅಂದ ಒಂದು ದಿನ. "ನೀ ಹೊಳ್ಳೂ ಮುಂಚೆ ನಿನ್ನ ಸೀಟು ಹೊಳ್ಳತೈತಿ. ನಂಗ ಗೊತ್ತಾಗತೈತಿ."

ಆ ದಿನದಿಂದ ನಾವು ಬೀಳಲಿಲ್ಲ.

ಮನೆಯಲ್ಲಿ ವೈನಿ ಮಾತ್ರ ಒಪ್ಪಲಿಲ್ಲ. ಅಣ್ಣನ ಮೊಣಕಾಲಿನ ತರಚುಗಾಯಕ್ಕೆ ಅರಿಷಿಣ ಹಚ್ಚುತ್ತ ಒಂದು ರಾತ್ರಿ ಊಟಕ್ಕೆ ಮುಂಚೆ ಅಂದರು, "ಕಣ್ಣ ಹೋದಾಗಿಂದ ಈ ಕೈ ನಾ ಒಂದು ದಿನಾ ಬಿಟ್ಟಿಲ್ಲ. ರಸ್ತಾದ ಮ್ಯಾಲ ಟ್ರಕ್ಕು ಬರತಾವು. ಬಿದ್ರ ಹೆಂಗ?"

"ಬಿದ್ರ ಎದ್ದ ಬರತೀನಿ," ಅಂದ ಅಣ್ಣ. "ನೀ ಬಸ್ಸಿನ್ಯಾಗ ಮುಂದ ಹೋಗಿ ಅಕ್ಕಲಕೋಟದಾಗ ನಿಂದ್ರು. ನಾ ಬರೂದು ನೋಡು."

ಮರುದಿನ ವೈನಿ ಅವನ ಬಿಳಿ ಬಾರಾಬಂದಿಯನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಹಾಕಿದರು.

ಕುಂಭಾರಿಯ ಪರೀಕ್ಷೆಯಲ್ಲಿ ಪಾಸಾದೆವು. ಅಂದು ಅಣ್ಣನ ಕೈಯಲ್ಲಿ ಝೆಂಡಾ ಇರಲಿಲ್ಲ, ಎರಡೂ ಕೈ ಸೀಟಿನ ಮುಂದಿನ ಹಿಡಿಕೆಯ ಮೇಲೆ. ಶೇಟ್ ಸಂತೋಷದಿಂದಲೇ ಒಪ್ಪಿಕೊಂಡರು. ಎಲ್ಲ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಅಣ್ಣ ಮಾರನೆಯ ದಿನ ನನ್ನನ್ನು ಬಿದಿರಿನ ಅಡ್ಡೆಗೆ ಕರೆದುಕೊಂಡು ಹೋದ. ಒಂದೊಂದನ್ನೇ ಬುಡದಿಂದ ಮೇಲಕ್ಕೆ ಸವರಿ, ಗಂಟು ಮುಟ್ಟಿ, ಬೆರಳಿಂದ ಬಡಿದು, ಮೂರಾಳು ಉದ್ದದ ಒಂದನ್ನು ಆರಿಸಿದ.

"ಅಣ್ಣಾ, ಇದು ಸೈಕಲ್ಲು. ಸಂಕ್ರಾಂತಿ ಅಲ್ಲ."

"ಕಾಠಿ ಹಿಡದ ಕೈಗೆ ಕಡ್ಡಿ ಕೊಡಬ್ಯಾಡ."

"ಸೈಕಲ್ಲಿಗೆ ಕಟ್ಟೋಣು ಹಂಗಾರ."

"ಕಟ್ಟಿದ್ರ ಸೈಕಲ್ ಹಿಡದಂಗ ಆತು. ನಾ ಹಿಡದಂಗ ಎಲ್ಲಿ ಆತು?"

ಇಂಥ ತಪ್ಪು ನಮ್ಮ ಪೇಠೆಯ ಗಂಡಸರಷ್ಟೇ ಮಾಡಬಲ್ಲರು. ಬೇರೆ ಊರಿನವರಿಗೆ ಇಷ್ಟು ಉದ್ದದ ಬಿದಿರನ್ನು ಓಡುವ ಸೈಕಲ್ಲಿನ ಮೇಲೆ ಹಿಡಿಯುವ ಯೋಚನೆಯೇ ಬಾರದು. ನಮ್ಮವರಿಗೆ ಅದಕ್ಕಿಂತ ಗಿಡ್ಡದ್ದು ನಾಚಿಕೆ. ಬುಡಕ್ಕೆ ಮೂರು ಬಣ್ಣ ಬಳಿದಾಯಿತು, ಜಾತ್ರೆಯ ಸೊಂಟದ ಪಟ್ಟಿ ಹೊರಬಂತು. ಗಿರಣಿಯ ಗೋಡೆಗಳ ನಡುವೆ ಗಾಳಿಯಿರಲಿಲ್ಲ, ಅಲ್ಲಿ ಬಿದಿರು ಅಲುಗದೆ ನಿಂತಿತು. ನಾನು ಬಯಲಿನ ಗಾಳಿಯ ಮಾತೆತ್ತಿದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸ್ವಾತಂತ್ರ್ಯ ದಿನದ ಬೆಳಿಗ್ಗೆ ಸಣ್ಣಗೆ ಹನಿಯುತ್ತಿತ್ತು. ಗೇರಿನ ಸೈಕಲ್ಲುಗಳು, ಹಾಲಿನ ಕ್ಯಾನು ಕಟ್ಟುವ ಸಾದಾ ಸೈಕಲ್ಲುಗಳು, ಶಾಲೆಯ ಹುಡುಗಿಯರ ನೀಲಿ ಸೈಕಲ್ಲುಗಳು, ಎಲ್ಲರ ಮುಂದೆ ನಮ್ಮದು. ಅಣ್ಣ ಬಾರಾಬಂದಿ ತೊಟ್ಟಿದ್ದ. ಪೇಠೆಯ ಓಣಿಗಳಲ್ಲಿ ಹಾಯುವಾಗ ಜನ ಬಾಗಿಲಿಗೆ ಬಂದು ನಿಂತರು. "ಸಿದ್ರಾಮ ಕಾಠಿ ಹಿಡದಾನ ನೋಡು," ಎಂದು ಯಾರೋ ಕೂಗಿದರು. ಒಬ್ಬ ಮುದುಕಿ ರೂಢಿಯಿಂದ ಕೈಮುಗಿದಳು. ಅಣ್ಣನಿಗೆ ಅದು ಕಾಣಲಿಲ್ಲ, ನಾನು ಹೇಳಲೂ ಇಲ್ಲ.

ಕುಂಭಾರಿ ದಾಟಿತು. ವಳಸಂಗದ ಅಡ್ಡರಸ್ತೆಯಲ್ಲಿ ಚಪಳಗಾಂವದ ಕಡೆಯ ಕುರಿಗಾರರ ಗುಂಪು ಸೈಕಲ್ಲುಗಳೊಡನೆ ಕಾದಿತ್ತು. ಅವರ ಮುಂದಾಳು ಬೀರಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಹಿಂತಿರುಗುವಾಗ ಮರಿಗಳಿಗೆ ಸೊಪ್ಪು ಕಡಿಯಲೆಂದು ಕ್ಯಾರಿಯರ್‌ಗೆ ಕುಡಗೋಲು ಸಿಕ್ಕಿಸಿಕೊಂಡು ಬಂದಿದ್ದ. ನಮ್ಮಿಬ್ಬರ ಹಣೆಗೆ ತಮ್ಮ ದೇವರು ಬೀರೋಬಾನ ಭಂಡಾರ ಹಚ್ಚಿ, "ನಡೀರಿ ಅಣ್ಣಾರ, ನಿಮ್ಮ ಹಿಂದ ನಾವು," ಅಂದ.

ಅಲ್ಲಿಂದ ಮುಂದೆ ಬರೀ ಬಯಲು. ಗಿಡವಿಲ್ಲ, ಮನೆಯಿಲ್ಲ, ಕರಿ ನೆಲ ಮತ್ತು ಆಕಾಶ. ಪಡುವಣ ಗಾಳಿ ಬಲಗಡೆಯಿಂದ ಬೀಸಿತು. ಬಿದಿರು ಮೊದಲು ಅಲುಗಿತು, ಆಮೇಲೆ ಬಾಗಿತು. ಅಣ್ಣನ ಇಡೀ ಮೈ ಅದರೊಡನೆ ಸೆಣಸುತ್ತಿರುವುದು ನನ್ನ ಸೀಟಿಗೆ ತಿಳಿಯುತ್ತಿತ್ತು. "ಬಿಡು," ಎಂದು ಕೂಗಿದೆ, ನಿಲ್ಲಿಸೋಣವೆಂದು. ಅಷ್ಟರಲ್ಲಿ ಇನ್ನೊಂದು ಬೀಸು ಬಂದು ನಮ್ಮನ್ನು ರಸ್ತೆಯಿಂದ ಎಡಕ್ಕೆ, ಜಾಲಿ ಮುಳ್ಳಿನ ಬದುವಿಗೆ ಕೆಡವಿತು.

ನಾನು ಎದ್ದು ನೋಡಿದಾಗ ಅಣ್ಣ ಮಣ್ಣಲ್ಲಿ ಮೊಣಕಾಲೂರಿ ಕುಳಿತಿದ್ದ. ಮೊಣಕೈ ಒಡೆದು ಬಾರಾಬಂದಿಯ ತೋಳು ಕೆಂಪಾಗಿತ್ತು. ಬಿದಿರು ಮಾತ್ರ ಎರಡೂ ಕೈಯಲ್ಲಿ ನೆಟ್ಟಗಿತ್ತು.

"ಝೆಂಡಾ ನೆಲಕ್ಕ ಹತ್ತೇತೇನು?"

"ಇಲ್ಲ."

"ನಿನಗೇನರೆ ಆತೇನು?"

"ಇಲ್ಲ," ಅಂದೆ. ನನ್ನನ್ನು ಎರಡನೆಯದಾಗಿ ಕೇಳಿದ್ದಕ್ಕೆ ಆ ನೋವಿನಲ್ಲೂ ಸಿಟ್ಟು ಬಂತು.

ಎಲ್ಲರೂ ಸುತ್ತುಗಟ್ಟಿದರು. ಬೀರಪ್ಪ ತೋಯ್ದ ಕಂಬಳಿ ಹಾಸಿ ಅಣ್ಣನನ್ನು ಕೂರಿಸಿದ. ಮುಂದಿನ ಗಾಲಿಗೆ ಮುಳ್ಳು ಹೊಕ್ಕಿತ್ತು, ಯಾರೋ ಪಕ್ಕದಲ್ಲೇ ಟ್ಯೂಬು ತೆಗೆದು ಸೊಲ್ಯೂಷನ್ ಹಚ್ಚತೊಡಗಿದರು. ಟೆಂಪೋ ಬಂದು ನಿಂತಿತು. ಶೇಟ್ ಅವನ ಪಕ್ಕ ಕುಳಿತು ಹೇಳಿದರು, "ಸಿದ್ರಾಮಣ್ಣಾ, ಇಲ್ಲಿತನಕ ಬಂದ್ರಿ, ಭಾಳ ಆತು. ಟೆಂಪೋದಾಗ ಬರ್ರಿ. ಝೆಂಡಾ ನಾವು ಒಯ್ತೀವಿ." ಎಲ್ಲರೂ ಅದನ್ನೇ ಹೇಳಿದರು. ಈ ಸಲ ಯಾರ ದನಿಯಲ್ಲೂ ಅಯ್ಯೋ ಪಾಪ ಇರಲಿಲ್ಲ, ನಿಜವಾದ ಕಾಳಜಿಯಿತ್ತು. ಅದಕ್ಕೇ ನನಗೆ ಹೆದರಿಕೆಯಾಯಿತು. ಅವನು ಈಗ ಟೆಂಪೋ ಹತ್ತಿದರೆ ಮನೆಯಿಂದ ಮತ್ತೆ ಹೊರಬೀಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಅಣ್ಣನ ಬಲಗೈ ಬಿದಿರಿನ ಮೇಲೆ ಮೆಲ್ಲಗೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು.

"ಬೀರಪ್ಪಾ, ಕುಡಗೋಲು ಐತೇನು?"

"ಐತ್ರಿ."

"ಕಡಿ ಇದನ್ನ."

ಕಾಠಿ ಕಡಿಯುವುದೆಂದರೆ ನಮ್ಮ ಪೇಠೆಯವರಲ್ಲಿ ಎಂಥ ತಪ್ಪೆಂದು ಬೀರಪ್ಪನಿಗೂ ತಿಳಿದಿತ್ತು. ಅವನು ಕ್ಯಾರಿಯರ್‌ನಿಂದ ಕುಡಗೋಲು ಬಿಚ್ಚಿ ತಂದ.

"ಎಲ್ಲಿಗೆ ಕಡೀಲ್ರಿ?"

"ನಂದಾ ಎಷ್ಟು ಎತ್ತರ ಅದಾಳೋ ಅಷ್ಟು ಝೆಂಡಾದ ಕಡೆ ಉಳೀಲಿ. ಬುಡದ್ದು ತಗಿ."

ನಮ್ಮ ಮನೆಯಲ್ಲಿ ನಾನೇ ಗಿಡ್ಡಿ. ಅಷ್ಟು ಗಿಡ್ಡದಾದ ಕಾಠಿಯನ್ನು ನಮ್ಮಣ್ಣ ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದಿರಲಿಲ್ಲ. ಕಡಿಯಲು ಬಿದಿರನ್ನು ವಾಲಿಸಬೇಕು, ಆದರೆ ತುದಿ ನೆಲ ಮುಟ್ಟಬಾರದು. ಬುಡ ಅಣ್ಣನ ಕೈಯಲ್ಲಿತ್ತು. ಮೇಲಿನದನ್ನು ಹಿಡಿಯಲು ನಮ್ಮ ಪೇಠೆಯ ಇಬ್ಬರು ಗಂಡಸರು ಮುಂದೆ ಬಂದರು.

"ನೀವು ಬ್ಯಾಡ. ನಂದಾ, ನೀ ಹಿಡಿ."

ನಾನು ಹಿಡಿದೆ. ಹಿಡಿದೆಯಾ ಎಂದು ಅವನು ಕೇಳಲಿಲ್ಲ. ಬಿದಿರಿನ ಮೇಲೆ ನನ್ನ ಅಂಗೈ ಬಿಗಿಯಾದದ್ದು ಅವನಿಗೆ ತಿಳಿದಿರಬೇಕು, ಭಾರ ಒಮ್ಮೆಲೇ ನನ್ನ ಕಡೆಗೆ ಬಂತು. ಮಾಳಿಗೆಯ ಮೇಲಿಂದ ನೋಡುತ್ತಿದ್ದ ಹುಡುಗಿಗೆ ಕಾಠಿ ಇಷ್ಟು ಭಾರವೆಂದು ಯಾರೂ ಹೇಳಿರಲಿಲ್ಲ. ಬೀರಪ್ಪ ನಾಲ್ಕೇಟಿಗೆ ಕಡಿದ. ಕೆಳಗಿನ ಉದ್ದನೆಯ ತುಂಡನ್ನು ಎತ್ತಿಕೊಂಡು, "ಇದನ್ನ ನಾ ಒಯ್ಲೇನ್ರಿ, ದೋಟಿಗೆ ಆಗತೈತಿ," ಎಂದು ಕೇಳಿದ. "ಒಯ್ಯಪಾ," ಅಂದ ಅಣ್ಣ. ನಾನು ಗಿಡ್ಡನೆಯ ಕಾಠಿಯನ್ನು ಅವನ ಅಂಗೈಗೆ ಮುಟ್ಟಿಸಿ, ಅದು ಬಿಗಿಯಾಗುವವರೆಗೆ ಕಾದು, ಬಿಟ್ಟೆ.

"ಕಾಲ ನಡಗಾಕತ್ತಾವಲ್ರಿ ನಿಮ್ಮವು," ಅಂದರು ಶೇಟ್.

"ನಡಗಲಿ ಬಿಡ್ರಿ. ಪೆಡಲ್ ತಿರಗಿದ್ರ ಆತು."

ಶೇಟ್ ಎದ್ದು ನಿಂತು ತಮ್ಮ ಗೇರಿನ ಸೈಕಲ್ಲಿನವರನ್ನು ಕರೆದರು. ಇನ್ನು ಮುಂದೆ ಯಾರೂ ಮುಂದೆ ಓಡುವುದು ಬೇಡ, ಎಲ್ಲರೂ ನಮ್ಮ ಬಲಗಡೆಗೆ ಒತ್ತಾಗಿ ಸಾಲು ಕಟ್ಟಿರಿ ಎಂದರು. ಬೀರಪ್ಪನವರೂ ಅದರಲ್ಲಿ ಸೇರಿಕೊಂಡರು. ಹೆಲ್ಮೆಟ್ಟಿನವರು, ಕಂಬಳಿಯವರು, ನೀಲಿ ಸೈಕಲ್ಲಿನ ಹುಡುಗಿಯರು. ಗಾಳಿ ಮೊದಲು ಅವರಿಗೆ ಬಡಿದು, ಉಳಿದದ್ದಷ್ಟೇ ನಮಗೆ ಬರುತ್ತಿತ್ತು. ಏರಿನಲ್ಲಿ ನನಗೆ ಉಸಿರು ಹತ್ತಿ ಕಾಲು ಸೋತಿತು. ಆಗ ಪೆಡಲ್ಲು ತಾನಾಗಿ ತಿರುಗತೊಡಗಿತು. ಹಿಂದಿನಿಂದ ಅಣ್ಣ ತುಳಿಯುತ್ತಿದ್ದ, ಇಬ್ಬರಿಗೂ ಸೇರಿಸಿ.

ಅಕ್ಕಲಕೋಟದ ಶಾಲೆಯ ಬಯಲು ತುಂಬಿತ್ತು. ಧ್ವಜ ಏರಿಸಲು ನಮಗಾಗಿ ಕಾದಿದ್ದರು. ಸೈಕಲ್ ನಿಂತ ಕೂಡಲೇ ಗುಂಪಿನಿಂದ ವೈನಿ ಓಡಿ ಬಂದರು. ಅವನ ತೋಳಿನ ರಕ್ತ ನೋಡಿದರು, ಗಿಡ್ಡ ಕಾಠಿ ನೋಡಿದರು. ಝೆಂಡಾ ಇಸಿದುಕೊಳ್ಳಲು ಊರಿನ ಹಿರಿಯರು ಕೈ ಚಾಚಿದರು. ಅಣ್ಣ ಕೊಡಲಿಲ್ಲ. ನನ್ನ ಅಂಗೈ ಬಂದು ಮುಟ್ಟುವವರೆಗೂ ಹಿಡಿದೇ ನಿಂತ.

ಬಿಟ್ಟ ಮೇಲೆ ಅವನ ಕೈ ಎರಡೂ ಬರಿದಾದವು. ಬಡಿಗೆ ಮನೆಯಲ್ಲಿತ್ತು. ವೈನಿ ಎಂದಿನಂತೆ ತಮ್ಮ ಕೈ ಮುಂದೆ ಚಾಚಿದರು. ಅದೇ ಹೊತ್ತಿಗೆ ರಾಷ್ಟ್ರಗೀತೆ ಶುರುವಾಯಿತು.

ಬಯಲಿನಲ್ಲಿದ್ದವರೆಲ್ಲ ಕೈ ಕೆಳಗಿಳಿಸಿ ನೆಟ್ಟಗೆ ನಿಂತರು. ವೈನಿಯ ಕೈ ಅರ್ಧದಾರಿಯಲ್ಲಿತ್ತು. ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡು ತಮ್ಮ ಬದಿಗಿಟ್ಟುಕೊಂಡರು. ಅಣ್ಣ ಸ್ವಲ್ಪ ತೂಗಾಡಿದ. ಕಾಲು ಅಗಲಿಸಿ ಊರಿದ, ಕೈಗಳನ್ನು ತೊಡೆಗೆ ಒತ್ತಿದ, ಗದ್ದ ಎತ್ತಿದ. ಅಷ್ಟು ಜನರ ನಡುವೆ ಯಾರನ್ನೂ ಏನನ್ನೂ ಹಿಡಿದುಕೊಳ್ಳದೆ ನಿಂತ. ಕಣ್ಣು ಹೋದ ಮೇಲೆ ಅವನು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ. ಝೆಂಡಾ ಹಿಡಿದಿದ್ದರಿಂದ ಕಣ್ಣೊರೆಸಿಕೊಳ್ಳಲು ನನಗೆ ಕೈ ಇರಲಿಲ್ಲ.

ಗೀತೆ ಮುಗಿಯಿತು. ಜನ ಸಿಹಿ ಹಂಚುವ ಕಡೆಗೆ ಚದುರಿದರು. ವೈನಿ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಹೋಗೂಣೇನ್ರಿ?"

"ತಡಿ," ಅಂದ ಅಣ್ಣ. "ಇನ್ನೊಂದೀಟು ಹಿಂಗ ನಿಂದ್ರತೀನಿ."